ತಪ್ಪು ಮನೆಯಲ್ಲಿ ಅತ್ತವನ ಬೀಳ್ಕೊಡುಗೆ

ವೇದಿಕೆಯ ನಡುವೆ ಕುಳಿತಿರುವ ಅಧ್ಯಕ್ಷರೇ, ಅಕ್ಕಪಕ್ಕದ ಹಿರಿಯರೇ, ನೀರು ಸರಬರಾಜು ಕಚೇರಿಯ ನನ್ನ ಬಂಧುಗಳೇ, ಊಟದ ವಾಸನೆ ಬಂದ ಕಡೆಗೆ ಮುಖ ತಿರುಗಿಸಿರುವ ಸಭಿಕರೇ,

ಇಂದು ನನಗೆ ನಿವೃತ್ತಿ. ಹೋಗುವ ಮುನ್ನ ಹೊಸಬರಿಗೆ ‘ವೃತ್ತಿಯ ಏಳಿಗೆಯಲ್ಲಿ ಸಂಪರ್ಕಗಳ ಮಹತ್ವ’ ಕುರಿತು ನಾಲ್ಕು ಮಾತು ಹೇಳಬೇಕೆಂದು ಅಧ್ಯಕ್ಷರ ಅಪ್ಪಣೆಯಾಗಿದೆ. ಗುಮಾಸ್ತನಾಗಿ ಸೇರಿ, ಮೂವತ್ನಾಲ್ಕು ವರ್ಷ ದುಡಿದು, ಹಿರಿಯ ಗುಮಾಸ್ತನಾಗಿ ಹೊರಟಿರುವ ನನಗಿಂತ ಈ ವಿಷಯ ಬಲ್ಲವರು ಯಾರಿದ್ದಾರೆ?

ಸಂಪರ್ಕವೆಂದರೇನು? ಮೇಲಧಿಕಾರಿಗಳ ಕಣ್ಣಿಗೆ ಬೀಳುವುದು. ಅದಕ್ಕಾಗಿ ನಾನು ಮಾಡದ ಕೆಲಸವಿಲ್ಲ. ಅವರ ಮಕ್ಕಳ ಮದುವೆಗಳಲ್ಲಿ ಬಡಿಸಿದೆ. ಅವರು ಮನೆ ಬದಲಿಸುವಾಗ ಬೀರು ಹೊತ್ತೆ. ಸದಾ ಬೀರುವಿನ ಹಿಂದೆಯೇ ಇದ್ದುದರಿಂದ ನಾನು ಯಾರಿಗೂ ಕಾಣಿಸಲಿಲ್ಲ ಎನ್ನುತ್ತಾಳೆ, ಅಗೋ ಅಲ್ಲಿ ಕುಳಿತಿರುವ ನನ್ನ ಹೆಂಡತಿ.

ಒಮ್ಮೆ ಬಡ್ತಿಯ ಪಟ್ಟಿ ತಯಾರಾಗುತ್ತಿದ್ದ ವಾರದಲ್ಲೇ ಮುಖ್ಯ ಎಂಜಿನಿಯರರ ತಂದೆ ತೀರಿಕೊಂಡರು. ಇಂಥ ಅವಕಾಶ ಮತ್ತೆ ಸಿಕ್ಕೀತೇ? ಎದ್ದೆನೋ ಬಿದ್ದೆನೋ ಎಂದು ಓಡಿದೆ. ಬಾಗಿಲಲ್ಲಿ ಜನ ಸೇರಿದ್ದ ಮನೆಯೊಳಗೆ ನುಗ್ಗಿ, ಹಿರಿಯರ ಕಾಲ ಬಳಿ ಕುಳಿತು ಅಳತೊಡಗಿದೆ. ಎಂಜಿನಿಯರರು ಕಾಣಲಿಲ್ಲ. ಅವರು ಬರುವ ಹೊತ್ತಿಗೆ ಕಣ್ಣು ಒಣಗಿರಬಾರದಲ್ಲ? ಎರಡು ಗಂಟೆ ಅತ್ತೆ. ಆಮೇಲೆ ಗೋಡೆಯ ಫೋಟೋ ನೋಡಿದೆ. ಅದರಲ್ಲಿ ತೀರಿಕೊಂಡವರು ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಯಾರದೋ ಕೈಗಡಿಯಾರ ರಿಪೇರಿ ಮಾಡುತ್ತಿದ್ದರು. ಎಂಜಿನಿಯರರ ಮನೆ ಇದ್ದದ್ದು ಪಕ್ಕದ ಬೀದಿಯಲ್ಲಿ. ಅಲ್ಲಿಗೆ ಸರಿಯಾಗಿ ಹೋದವರು ನಮ್ಮ ಇಂದಿನ ಅಧ್ಯಕ್ಷರು. ಅವರು ಐದೇ ನಿಮಿಷ ಅತ್ತಿದ್ದರಂತೆ.

ನಾನು ಮೆಲ್ಲಗೆ ಜಾರಿಕೊಳ್ಳುವಷ್ಟರಲ್ಲಿ ಆ ಮನೆಯ ಅಮ್ಮ ನನ್ನ ಕೈ ಹಿಡಿದು, “ನಮ್ಮನೆಯವರಿಗೆ ಅಷ್ಟು ಬೇಕಾದವನೇನಪ್ಪಾ ನೀನು?” ಎಂದರು. ಇಲ್ಲ ಎನ್ನಲು ಬಾಯಿ ಬರಲಿಲ್ಲ. ಸ್ನೇಹಿತ ಎಂದುಬಿಟ್ಟೆ. ಆಗಾಗ ಹೋಗಿ ಬರತೊಡಗಿದೆ. ಎರಡು ವರ್ಷದ ಮೇಲೆ, ಗಂಡನ ಸ್ನೇಹಿತನೆಂಬ ಒಂದೇ ನಂಬಿಕೆಯಿಂದ ಮಗಳನ್ನು ನನಗೆ ಕೊಟ್ಟರು.

ಅಯ್ಯೋ. ಇದನ್ನು ಇಪ್ಪತ್ತೆಂಟು ವರ್ಷ ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಮೈಕು ಸಿಕ್ಕರೆ ನನ್ನ ನಾಲಿಗೆ ನನ್ನ ಮಾತೇ ಕೇಳುವುದಿಲ್ಲ. ನಾಳೆಯಿಂದ ಕಚೇರಿಯೂ ಇಲ್ಲ, ಇಡೀ ದಿನ ಅವಳೆದುರೇ ಇರಬೇಕು. ಯಾವ ಮುಖ ಹೊತ್ತು ಹೋಗಲಿ?

ಅಲ್ಲ, ಅವಳು ನಗುತ್ತಿದ್ದಾಳೆ. ಮದುವೆಯಾದ ಹೊಸತರಲ್ಲಿ ಅವಳು ಹೇಳಿದ್ದು ಈಗ ನೆನಪಾಗುತ್ತಿದೆ: “ಅಪ್ಪನಿಗೆ ಸ್ನೇಹಿತರು ಅಂತ ಒಬ್ರೂ ಇರ್ಲಿಲ್ಲ. ಅಂಗಡಿ ಬಿಟ್ರೆ ಮನೆ, ಮನೆ ಬಿಟ್ರೆ ಅಂಗಡಿ. ಆವತ್ತು ಹೊರಗಿನವ್ರು ಅಂತ ಅತ್ತಿದ್ದು ನೀವೊಬ್ರೇ.” ಹೊಗಳುತ್ತಿದ್ದಾಳೆಂದು ನಾನು ಬೀಗಿದ್ದೆ. ಎಂಥ ದಡ್ಡ ನಾನು! ಅವಳಿಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ ನನ್ನನ್ನು ಒಪ್ಪಿದ್ದಳು.

ಅಧ್ಯಕ್ಷರೇ, ವಿಷಯವನ್ನು ನೀವೇ ಮುಗಿಸಿಕೊಡಿ. ಸಹಿಸಿಕೊಂಡ ಸಭೆಗೆ ವಂದನೆಗಳು. ಈ ಹಾರ ಭಾರವಾಗಿದೆ, ಇದನ್ನು ಕೆಳಗಿಳಿದು ಅವಳ ಕೊರಳಿಗೆ ಹಾಕಿ ಬರುತ್ತೇನೆ. ನಮಸ್ಕಾರ.