ಗಾದಿಯ ಮೇಲಿನ ನಿದ್ದೆ

ಈ ಸಮಾರಂಭದ ಅಧ್ಯಕ್ಷತೆ ವಹಿಸಿರುವ ಗುರುನಾಥ ಅವರೇ, ಇಂದು ನಮ್ಮ ಸನ್ಮಾನ ಸ್ವೀಕರಿಸಿರುವ ಡಾಕ್ಟರ್ ಸಂಘಮಿತ್ರಾ ಅವರೇ, ಆಳಂದ ಬಜಾರಿನ ಅಡತಿ ವ್ಯಾಪಾರಸ್ಥರೇ, ಹಮಾಲ ಬಂಧುಗಳೇ, ಊಟದ ವಾಸನೆ ಹಿಡಿದು ಹಿಂದಿನ ಸಾಲಿನಲ್ಲೇ ಕುಳಿತಿರುವ ಸಭಿಕರೇ,

ಡಾಕ್ಟರರ ಬಗ್ಗೆ ಎರಡು ಮಾತು ಹೇಳಬೇಕೆಂದು ನನಗೆ ಅಪ್ಪಣೆಯಾಗಿದೆ. ಈ ಕಲ್ಲಿನಾಥ ಎರಡು ಮಾತಿಗೆ ನಿಲ್ಲುವವನಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಅವರ ಸೇವೆ ದೊಡ್ಡದು. ಆದರೆ ನಿಜ ಹೇಳುತ್ತೇನೆ, ಅವರನ್ನು ಕಂಡರೆ ನನಗೆ ಭಯ.

ನಮ್ಮ ಬಜಾರಿನಲ್ಲಿ ಸಾಹುಕಾರ ಎಂದರೆ ಯಾರು? ತೊಗರಿ ಸುಗ್ಗಿಯಲ್ಲೂ ಮಧ್ಯಾಹ್ನ ಅಂಗಡಿಯ ಗಾದಿಯ ಮೇಲೆ ಲೋಡುದಿಂಬಿಗೆ ಒರಗಿ ಗೊರಕೆ ಹೊಡೆಯುವವನು! ನನ್ನ ಅಣ್ಣ ಜಗದೇವಪ್ಪನ ಗೊರಕೆ ಬಸ್ ಸ್ಟ್ಯಾಂಡಿನವರೆಗೆ ಕೇಳುತ್ತದೆಂದು ನೀವೇ ಹೊಗಳುತ್ತಿದ್ದಿರಿ. ಅವನಿಗೆ ಬಿ.ಪಿ. ಇತ್ತು, ಗುಳಿಗೆ ಹೆಚ್ಚಿಸಿದರೂ ಇಳಿಯುತ್ತಿರಲಿಲ್ಲ. ಶುಗರ್ ಬಂತು. ಬೆಳಗ್ಗೆ ಎದ್ದರೆ ತಲೆನೋವು. ಇವಕ್ಕೂ ಗೊರಕೆಗೂ ಸಂಬಂಧವಿದೆ ಎಂದು ಯಾರಿಗೆ ಗೊತ್ತಿತ್ತು? ನಿದ್ದೆಯೊಂದಾದರೂ ಸರಿಯಿದೆಯಲ್ಲ ಎಂದು ಸಮಾಧಾನಪಟ್ಟೆವು.

ಹೋದ ವರ್ಷ ಒಂದು ಮಧ್ಯಾಹ್ನ ಆ ಗೊರಕೆ ನಿಂತಿತು. ತೊಗರಿ ತಂದ ರೈತರು ಬಾಗಿಲಲ್ಲಿ ನಿಂತಿದ್ದರು. ಲೆಕ್ಕ ಬರೆಯುವ ಮುನೀಮ ರಾಜೇಸಾಬ ತುಟಿಗೆ ಬೆರಳಿಟ್ಟು, "ಸಾಹುಕಾರ್ರಿಗಿ ಈಗ ಛಲೋ ನಿದ್ದಿ ಹತ್ಯಾದ, ಎಬ್ಬಸಬ್ಯಾಡ್ರಿ" ಎಂದ. ಹಮಾಲರು ಚೀಲಗಳನ್ನೂ ಮೆತ್ತಗೆ ಇಳಿಸಿದರು. ರಾಜೇಸಾಬನ ತಪ್ಪಲ್ಲ. ಗಾದಿಯ ಮೇಲೆ ಮಲಗಿದವರನ್ನು ಎಬ್ಬಿಸುವ ಪದ್ಧತಿ ನಮ್ಮಲ್ಲಿಲ್ಲ. ರಾಜೇಸಾಬನೇ ಚಹಾ ತಂದು ಕಾಲು ಮುಟ್ಟಿದಾಗ ಅಣ್ಣನ ಕಾಲು ತಣ್ಣಗಾಗಿತ್ತು.

ಆಮೇಲೆ ಅಣ್ಣನ ಗಾದಿಗೂ ಗೊರಕೆಗೂ ವಾರಸುದಾರನಾದ ನನ್ನನ್ನು ನನ್ನ ಹೆಂಡತಿ ವಿದ್ಯಾವತಿ ಈ ಡಾಕ್ಟರರ ಬಳಿಗೆ ಎಳೆದುಕೊಂಡು ಹೋದಳು. ನಿದ್ದೆಯ ಪರೀಕ್ಷೆ ಮಾಡಿಸಿ ಅವರು ಹೇಳಿದರು: "ಕಾಕಾ, ನಿದ್ದ್ಯಾಗ ನಿಮ್ಮ ಉಸಿರು ಮತ್ತ ಮತ್ತ ನಿಲ್ಲಾಕತ್ತದ. ಕಮ್ಮಿ ಇದ್ದಿದ್ರ ತೂಕ ಇಳಸ್ರಿ ಅಂತಿದ್ದೆ. ನಿಮ್ದು ಭಾಳ ಜೋರದ. ಇದು ಜೋರಾದಂಗ ಬಿ.ಪಿ., ಶುಗರ್, ಹಾರ್ಟು, ಎಲ್ಲಾ ಕೆಡ್ತಾವ್ರಿ."

ನಿದ್ದೆಯಲ್ಲಿ ಉಸಿರು ನಿಲ್ಲದಂತೆ ಮೂಗಿಗೆ ಕಟ್ಟಿಕೊಳ್ಳುವ ಗಾಳಿ ಯಂತ್ರ ಬರೆದುಕೊಟ್ಟರು. ತಂದಿದ್ದೇನೆ, ಡಬ್ಬಿ ಒಡೆದಿಲ್ಲ. ಕುದುರೆಯ ಮೂತಿಗೆ ಮೇವಿನ ತೋಬರಾ ಚೀಲ ಕಟ್ಟಿದ ಹಾಗೆ ಕಾಣುತ್ತದೆ! ಅದನ್ನು ಕಟ್ಟಿಕೊಂಡು ಗಾದಿಯ ಮೇಲೆ ಮಲಗಿದರೆ ಬಜಾರು ಏನಂದೀತು? ಮಲಗುವುದನ್ನೇ ಬಿಟ್ಟರಾಯಿತು ಎಂದುಕೊಂಡೆ. ಆಗುತ್ತದೆಯೇ? ಕುಳಿತಲ್ಲೇ ಕಣ್ಣು ಮುಚ್ಚುತ್ತದೆ. ಮುಚ್ಚುವಾಗ ಭಯ, ತೆರೆದಾಗಲೂ ಭಯ.

ಈಗಷ್ಟೇ ಧಮ್ಮಪಾಲ ಅವರು ಸ್ವಾಗತ ಭಾಷಣ ಮಾಡುವಾಗ ಈ ವೇದಿಕೆಯ ಮೇಲೆಯೇ ನಿದ್ದೆ ಹೋದೆ. ನೀವು ನಕ್ಕದ್ದು ಕೇಳಿಸಿತು. ಆಮೇಲೆ ಎಚ್ಚರವಾಗಿ ನೋಡಿದರೆ ಇಡೀ ಸಭೆ ಸುಮ್ಮನಿತ್ತು. ನನಗೆ ತೊಂದರೆಯಾಗಬಾರದೆಂದು ಧಮ್ಮಪಾಲರೂ ದನಿ ತಗ್ಗಿಸಿ ಮಾತಾಡುತ್ತಿದ್ದರು. ಅಣ್ಣನ ಆ ಮಧ್ಯಾಹ್ನವೂ ಹೀಗೇ ಇತ್ತು. ಸಭಿಕರೇ, ಈ ಮರ್ಯಾದೆ ನನಗೆ ಬೇಡ.

ಇಂದೇ ಡಬ್ಬಿ ಒಡೆಯುತ್ತೇನೆ. ನಾಳೆ ಗಾದಿಯ ಮೇಲೆ ಎಲ್ಲರೆದುರು ಕಟ್ಟಿಕೊಳ್ಳುತ್ತೇನೆ. ಬಂದು ನಗಿರಿ, ಜೋರಾಗಿ ನಗಿರಿ. ಕಟ್ಟಿಕೊಳ್ಳದೆ ಮಲಗಿದ್ದು ಕಂಡರೆ ಮಾತ್ರ, ಕೈಮುಗಿದು ಬೇಡುತ್ತೇನೆ, ನನ್ನನ್ನು ಎಬ್ಬಿಸಿರಿ. ಇಷ್ಟು ಹೊತ್ತು ನನ್ನನ್ನು ಎಚ್ಚರವಾಗಿಟ್ಟದ್ದಕ್ಕೆ ನಿಮಗೆಲ್ಲ ಧನ್ಯವಾದ. ನಮಸ್ಕಾರ.