ಒಂದು ಗೇಣು ಮೇಲೆ

“ಹಲೋ… ಹಲೋ, ಯಾರದು? ಯಾರು ಮಾತಾಡ್ತಿರೋದು?… ಸ್ವಲ್ಪ ತಾಳಿ, ಈ ಕಿವಿ ಕೆಲಸ ಬಿಟ್ಟಿದೆ, ಇನ್ನೊಂದಕ್ಕೆ ಇಟ್ಕೋತೀನಿ… ಹಾಂ, ಈಗ ಹೇಳಿ.”

ಬೇಸಿಗೆ ಮುಗಿಯುತ್ತ ಬಂದಿತ್ತು. ಸೋಮವಾರ, ಮಧ್ಯಾಹ್ನ ಮೂರರ ಹೊತ್ತು. ಕರೆಂಟು ಹೋಗಿ ಗಂಟೆಯಾಗಿತ್ತು. ಗೋಡೆಯ ಗೂಡಿನಲ್ಲಿದ್ದ ಮೊಬೈಲು ಫೋನು ಹೊಡೆದುಕೊಂಡಾಗ ಬಣ್ಣದಜ್ಜ ಕಿಟಕಿಯ ಹತ್ತಿರ ಕೂತು ಬ್ರಷ್ಷಿನ ಕೂದಲನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದ. ಬಾಗಿಲ ಬಳಿ ಅವನ ಅತ್ತಿಗೆ ತಟ್ಟೆ ಮುಂದಿಟ್ಟುಕೊಂಡು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಅಣ್ಣ ಸಮುದ್ರಕ್ಕೆ ಹೋಗಿ ಐವತ್ತೆರಡು ವರ್ಷ, ಅಜ್ಜನ ಹೆಂಡತಿ ತೀರಿಕೊಂಡು ಹದಿನೈದು ವರ್ಷ. ಅಷ್ಟು ಕಾಲವೂ ಆ ಮನೆಯಲ್ಲಿ ಒಂದೇ ಒಲೆ.

“ಓಹೋ, ಚಿತ್ರದ ಟೀಚರಮ್ಮ!… ಆರಾಮು, ಆರಾಮು. ಮಂಡಿ ಒಂದು ಮಾತು ಕೇಳಲ್ಲ, ಮಿಕ್ಕಿದ್ದೆಲ್ಲ ಹೇಳಿದ ಹಾಗೆ ಕೇಳ್ತದೆ… ಗೋಡೆ ಒಣಗ್ತಾ? ಆ ನೀಲಿಗೆ ಇನ್ನೊಂದು ದಿನ ಬೇಕು, ಕೈ ಹಚ್ಚಬೇಡಿ ಅಂತ ಮಕ್ಕಳಿಗೆ ಹೇಳಿ. ಆ ‘ಯಾಕಜ್ಜ’ ಇದ್ದಾಳಲ್ಲ, ಅವಳಿಗೆ ಎರಡು ಸಲ ಹೇಳಿ…”

ಮಾತಿಗೊಂದು ಸಲ ‘ಯಾಕಜ್ಜ?’ ಎಂದು ಕೇಳುವ ಏಳನೇ ತರಗತಿಯ ಹುಡುಗಿಗೆ ಅವನಿಟ್ಟ ಹೆಸರು ಅದು. ಸಮುದ್ರದ ಚರಿತ್ರೆಯನ್ನು ಇಸವಿ ಹಿಡಿದು ಕಲಿಸಿದರೆ ಮಕ್ಕಳು ಆಕಳಿಸುತ್ತಾರೆಂದು ಈ ಟೀಚರು ಬೇರೆ ದಾರಿ ಹಿಡಿದಿದ್ದಳು. ಐವತ್ತೆರಡು ವರ್ಷದ ಹಿಂದೆ ಇದೇ ಬಂದರಿನ ಧಕ್ಕೆಯಿಂದ ಹೊರಟು ಮುಳುಗಿದ ಸರಕಿನ ಹಡಗನ್ನು ಮಕ್ಕಳೇ ಶಾಲೆಯ ಗೋಡೆಯ ಮೇಲೆ ಬರೆಯಬೇಕು. ಅದರಲ್ಲಿ ಹೋದ ಏಳು ಜನರಲ್ಲಿ ಒಬ್ಬೊಬ್ಬರನ್ನು ಒಂದೊಂದು ಮಗು ಆರಿಸಿಕೊಂಡು, ಅವರೇ ಮಾತಾಡಿದ ಹಾಗೆ ಒಂದು ಪುಟ ಕಥೆ ಬರೆಯಬೇಕು. ಹಡಗಿನ ಉದ್ದಗಲ, ಹಗ್ಗದ ಗಂಟು, ಹಾಯಿಪಟದ ತೇಪೆ ಎಲ್ಲಿತ್ತು, ಅಡುಗೆಯವನು ಯಾವ ಹಾಡು ಗುನುಗುತ್ತಿದ್ದ, ಇವನ್ನೆಲ್ಲ ಹೇಳಲು ಉಳಿದಿದ್ದವನು ಆ ಹಡಗಿಗೆ ಬಣ್ಣ ಬಳಿದ ಅಜ್ಜ ಒಬ್ಬನೇ.

‘ಯಾಕಜ್ಜ’ ಆರಿಸಿಕೊಂಡದ್ದು ಚುಕ್ಕಾಣಿ ಹಿಡಿದವನನ್ನು, ಎಂದರೆ ಅಜ್ಜನ ಅಣ್ಣನನ್ನು. ಅವಳ ಪುಟದ ಮೊದಲ ಸಾಲು, ‘ನಾನು ಮಲಗಿರಲಿಲ್ಲ.’ ಅತ್ತಿಗೆಗೆ ಓದು ಬಾರದು. ಹುಡುಗಿ ಮನೆಗೆ ಬಂದು ಓದಿ ಹೇಳಿದ ಮೇಲೆ, ಆ ಹಾಳೆಯನ್ನು ನಾಲ್ಕಾಗಿ ಮಡಿಸಿ ಸಕ್ಕರೆ ಡಬ್ಬಿಯ ಕೆಳಗೆ ಇಟ್ಟುಕೊಂಡಿದ್ದರು.

“ತಿದ್ದೋದಾ?… ಏನು ತಿದ್ದೋದು?… ಸಣ್ಣದು ಅಂದ್ರೆ ಎಷ್ಟು ಸಣ್ಣದು ಟೀಚರಮ್ಮ? ಸಣ್ಣದು ಅಂತ ಶುರು ಮಾಡಿದವರೆಲ್ಲ ಕೊನೆಗೆ ಬುಡಕ್ಕೇ ಕೈ ಹಾಕ್ತಾರೆ…”

“ಯಾರು ಬಂದಿದ್ರು? ಚಿಕ್ಕ ಯಜಮಾನ್ರಾ?… ಗೊತ್ತು ಗೊತ್ತು, ಹಡಗಿನ ಯಜಮಾನರ ಮೊಮ್ಮಗ. ಬುಧವಾರ ಗೋಡೆ ಚಿತ್ರದ ಪರದೆ ಸರಿಸೋದು ಅವರೇ ಅಲ್ವಾ?… ನೋಡಿ ಏನಂದ್ರು?… ಗೆರೆಯಾ?”

ಗೆರೆ ಎಂದರೆ ಭಾರದ ಗೆರೆ. ಹಡಗಿನ ಹೊಟ್ಟೆಯ ಮೇಲೆ ಬಳಿಯುವ ಬಿಳಿ ಪಟ್ಟಿ. ಸರಕು ತುಂಬಿದಷ್ಟೂ ಹಡಗು ತಗ್ಗುತ್ತದೆ. ನೀರು ಗೆರೆಯನ್ನು ಮುಟ್ಟಿತೋ, ಅಲ್ಲಿಂದಾಚೆಗೆ ಒಂದು ಚೀಲವೂ ಹತ್ತುವಂತಿಲ್ಲ. ಗೋಡೆಯ ಹಡಗಿನಲ್ಲಿ ಅಜ್ಜ ಆ ಗೆರೆಯನ್ನು ತನ್ನ ಕೈಯಾರೆ ನೀರಿನ ಒಳಗೆ ಬರೆದಿದ್ದ. ನೀಲಿಯ ಅಡಿಯಲ್ಲಿ ಅದು ಬಾವಿಯ ತಳಕ್ಕೆ ಬಿದ್ದ ನೂಲಿನ ಹಾಗೆ ಮಂಕಾಗಿ ಕಾಣುತ್ತಿತ್ತು. ಬಾಯಿಂದ ಬಾರದ್ದನ್ನು ಬ್ರಷ್ಷು ಹೇಳಿಬಿಡಲಿ, ನೋಡಿದವರು ನೋಡಿ ತಿಳಿಯಲಿ ಎಂದು ಬರೆದಿದ್ದ.

“ತಪ್ಪಲ್ಲ ಅದು… ಇಲ್ಲ, ಮರೆವೂ ಅಲ್ಲ. ಮಕ್ಕಳನ್ನ ಬೈಬೇಡಿ, ಬರೆದವನು ನಾನು… ನೋಡಿ, ನಾನು ಓದಿದ್ದು ಮೂರನೇ ಕ್ಲಾಸು. ಅದರಲ್ಲೂ ಅರ್ಧ ವರ್ಷ ಬೆಂಚಿನ ಮೇಲೆ ನಿಂತಿದ್ದೆ. ನನ್ನ ಅಕ್ಷರ ತಪ್ಪಬಹುದು. ಗೆರೆ ತಪ್ಪಲ್ಲ.”

“ಹಾಂ… ಹಾಂ… ಗೆರೆ ನೀರಿನ ಒಳಗಿದ್ರೆ ನೋಡೋಕೆ ಚೆನ್ನಾಗಿರಲ್ಲ ಅಂದ್ರಾ? ಪಾಪ. ಏಳು ಜನ ನೀರಿನ ಒಳಗಿದ್ದಾರಲ್ಲ, ಅದು ಚೆನ್ನಾಗಿದ್ಯಂತಾ?… ನಿಮಗಲ್ಲ ಟೀಚರಮ್ಮ, ನಿಮಗಲ್ಲ ನಾನಂದಿದ್ದು. ಅಳ್ತಿದ್ದೀರಾ?… ಶೀತಾನಾ? ಆಗಲಿ ಬಿಡಿ, ಶೀತ.”

“ಹೆಡ್‌ಮೇಷ್ಟ್ರು ಏನಂತಾರೆ?… ಅವರೇನಂತಾರೆ, ಗಾಳಿ ಬಂದಾಗ ತೂರಿಕೊಳ್ಳೋ ಜನ. ತಪ್ಪು ಅಂತಿಲ್ಲ, ಅವರಿಗೂ ಸಂಸಾರ ಇದೆ… ಇವತ್ತೇನಾ? ನಾಲ್ಕು ಗಂಟೆಗೆ ಬೇರೆ ಪೇಂಟರ್ ಬರ್ತಾನಾ? ನಾನು ಒಪ್ಪಿದ್ರೂ ಬರ್ತಾನೆ, ಒಪ್ಪದಿದ್ರೂ ಬರ್ತಾನೆ, ಅಲ್ವಾ? ಮತ್ತೆ ನನ್ನನ್ನ ಯಾಕೆ ಕೇಳೋದು?… ಹೂಂ. ಮನಸ್ಸು ತಡೀಲಿಲ್ಲ ಅಂತ ಫೋನು ಮಾಡಿದ್ರಿ. ಒಳ್ಳೇದು.”

“ಗೆರೆ ಒಂದೇನಾ, ಇನ್ನೂ ಇದ್ಯಾ?… ಹೇಳಿ, ಅರ್ಧ ನುಂಗಬೇಡಿ… ಯಾವ ಸಾಲು?… ಅದನ್ನ ತೆಗೆದು ಏನು ಬರೀಬೇಕಂತೆ?… ‘ಸಮುದ್ರ ನನ್ನನ್ನು ಕರೆಯಿತು’… ಅಬ್ಬಬ್ಬಾ! ಸಮುದ್ರಕ್ಕೆ ಬೇರೆ ಕೆಲಸ ಇಲ್ವಾ ಟೀಚರಮ್ಮ, ಒಬ್ಬೊಬ್ಬರ ಹೆಸರು ಹಿಡಿದು ಕರ್ಕೊಂಡು ಕೂತಿರೋಕೆ? ನಾನೂ ಎಪ್ಪತ್ತು ವರ್ಷದಿಂದ ಅದರ ಪಕ್ಕದಲ್ಲೇ ಇದ್ದೀನಿ, ನನ್ನನ್ನ ಒಂದು ದಿನ ‘ಊಟ ಆಯ್ತಾ’ ಅಂತ ಕೇಳಲಿಲ್ಲ ಅದು… ‘ನಾನು ಮಲಗಿರಲಿಲ್ಲ’ ಅನ್ನೋದರಲ್ಲಿ ಏನು ತಪ್ಪಿದೆ ಅವರಿಗೆ?”

ಬಾಗಿಲ ಬಳಿ ಬೆಳ್ಳುಳ್ಳಿಯ ಸಿಪ್ಪೆ ಬಿಡಿಸುವ ಸದ್ದು ನಿಂತಿತು.

ಹಡಗು ಮುಳುಗಿದ ಮೇಲೆ ವಿಚಾರಣೆ ನಡೆದು, ಚುಕ್ಕಾಣಿಯವನು ನಿದ್ದೆ ಹೋಗಿದ್ದ ಎಂದು ಸರ್ಕಾರಿ ಕಾಗದವಾಗಿತ್ತು. ಒಬ್ಬನ ನಿದ್ದೆಗೆ ಆರು ಮನೆಯ ಒಲೆ ಆರಿತು ಎಂದರು ಜನ. ಅತ್ತಿಗೆ ನಲ್ಲಿಯ ಸಾಲಿನಲ್ಲಿ ನಿಂತರೆ ಹಿಂದಿನಿಂದ ‘ನಿದ್ದೆ ಮುಗೀತೇನಮ್ಮಾ?’ ಎನ್ನುತ್ತಿದ್ದ ಬಾಯಿಗಳೆಲ್ಲ ಈಗ ಮಣ್ಣಾಗಿವೆ. ಮಾತು ಮಾತ್ರ ಮಣ್ಣಾಗಲಿಲ್ಲ. ಮೊನ್ನೆ ಮೊನ್ನೆ ಮೀಸೆ ಬಂದ ಹಾಲಿನವನೂ ಇದನ್ನು ‘ನಿದ್ದೆಯಮ್ಮನ ಮನೆ’ ಎಂದೇ ಗುರುತು ಹೇಳುತ್ತಾನೆ. ಅವರು ಒಬ್ಬರಿಗೂ ಎದುರಾಡಿದವರಲ್ಲ. ‘ನಿಮ್ಮಣ್ಣ ಚುಕ್ಕಾಣಿ ಹಿಡಿದು ಮಲಗೋ ಪೈಕಿ ಅಲ್ಲ’ ಎಂದು ಮೈದುನನಿಗೆ ಮಾತ್ರ ವರ್ಷಕ್ಕೊಂದು ಸಲ ಹೇಳುತ್ತಿದ್ದರು. ಅವನು ‘ಅಲ್ಲ ಅತ್ತಿಗೆ’ ಎಂದು ಎದ್ದುಹೋಗುತ್ತಿದ್ದ.

“ಏನಿಲ್ಲ ಅತ್ತಿಗೆ, ಶಾಲೆಯವರು. ನೀವು ಒಳಗೆ ಹೋಗಿ ಒಂಚೂರು ಟೀಗೆ ಇಡಿ… ಹಾಂ ಟೀಚರಮ್ಮ, ಇದ್ದೀನಿ, ಹೇಳಿ.”

ಅತ್ತಿಗೆ ಏಳಲಿಲ್ಲ. ಆ ಕಡೆಯ ಮಾತು ಅವರಿಗೆ ಕೇಳುತ್ತಿರಲಿಲ್ಲ; ಈ ಕಡೆಯದು ಒಂದಕ್ಷರ ಬಿಡದೆ ಕೇಳುತ್ತಿತ್ತು. ಕಿವುಡರು ಫೋನಿನಲ್ಲಿ ಮೆಲ್ಲಗೆ ಮಾತಾಡುವುದುಂಟೇ?

“ಫೋಟೋನಾ? ಯಾವ ಫೋಟೋ?… ಹೊರಡೋ ಹಿಂದಿನ ದಿನದ್ದು? ದೊಡ್ಡ ಯಜಮಾನರು ಹಡಗಿನ ಮುಂದೆ ಕೊಡೆ ಹಿಡಿದು ನಿಂತಿರೋದು?… ಗೊತ್ತು. ಎಡಗಡೆ ಒಂದು ಏಣಿ ಕಾಣ್ತದಾ? ಏಣಿ ಮೇಲೆ ಎರಡು ಕಾಲು?… ಅವು ನನ್ನವು. ಮುಖ ಫೋಟೋದಲ್ಲಿ ಹಿಡಿಸಲಿಲ್ಲ.”

“ಒಪ್ತೀನಿ, ಒಪ್ತೀನಿ. ಫೋಟೋದಲ್ಲಿ ಗೆರೆ ನೀರಿಗಿಂತ ಮೇಲೇ ಇದೆ. ಒಣಗಿದೆ… ಹೌದಪ್ಪಾ, ಫೋಟೋ ಸುಳ್ಳು ಹೇಳಲ್ಲ… ಅಂದ್ರೆ ಅಜ್ಜನಿಗೆ ಅರಳು ಮರಳು, ಹಾಗೆ ತಾನೆ? ಹಾಗಂತ ಅವರು ಅಂದ್ರಾ, ನೀವು ಅಂತೀರಾ?… ಸರಿ.”

ಒಂದು ‘ಹೂಂ’ ಸಾಕಿತ್ತು. ವಯಸ್ಸಾಯಿತು, ಮರೆತಿರಬಹುದು, ನೀವೇ ಸರಿ ಮಾಡಿಸಿಬಿಡಿ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅತ್ತಿಗೆ ಎದ್ದು ಟೀಗೆ ಇಡುತ್ತಿದ್ದರು. ಹುಡುಗಿಯ ಸಾಲು ಅಳಿಸಿಹೋಗುತ್ತಿತ್ತು, ಅಣ್ಣ ಮತ್ತೆ ಮಲಗುತ್ತಿದ್ದ. ಐವತ್ತೆರಡು ವರ್ಷ ಹಾಗೆಯೇ ಮುಗಿಸಿಕೊಂಡು ಬಂದವನು ಅವನು. ಅಜ್ಜ ಗೋಡೆಯ ಕಡೆಗೆ ತಿರುಗಿ ನಿಂತ.

“ಟೀಚರಮ್ಮ, ಕೈಲಿ ಪೆನ್ನಿದ್ಯಾ?… ತಗೊಳ್ಳಿ. ನಿಧಾನಕ್ಕೆ ಹೇಳ್ತೀನಿ… ಫೋಟೋ ಸುಳ್ಳು ಹೇಳಲಿಲ್ಲ. ಗೆರೆ ಸುಳ್ಳು ಹೇಳ್ತು… ಹೇಗೆ ಗೊತ್ತು ಅಂತೀರಾ?”

“ಹೇಗೆ ಗೊತ್ತು ಅಂದ್ರೆ… ಆ ಗೆರೆ ಬಳಿದವನು ನಾನು. ಹಡಗು ಹೊರಡೋಕೆ ಮೂರು ದಿನ ಮುಂಚೆ, ಶನಿವಾರ. ದೊಡ್ಡ ಯಜಮಾನರು ಬಂದು ಬೆನ್ನು ತಟ್ಟಿದ್ರು. ‘ತಮ್ಮಾ, ಗೆರೆ ಮಾಸಿದೆ. ಹಳೇದನ್ನ ಅಳಿಸಿ ಹೊಸದು ಎಳಿ. ಒಂದು ಗೇಣು ಮೇಲೆ ಎಳಿ’ ಅಂದ್ರು. ನಾನು ಯಾಕೆ ಅಂತ ಕೇಳಲಿಲ್ಲ. ನಿಮ್ಮ ಹುಡುಗಿ ಆಗಿದ್ರೆ ಕೇಳ್ತಿದ್ಲು.”

“ಒಂದು ಗೇಣು ಅಂದ್ರೆ ಮುನ್ನೂರು ಚೀಲ ಸಿಮೆಂಟು ಹೆಚ್ಚಿಗೆ. ಹಳೇ ಗೆರೆ ಇದ್ದ ಜಾಗ ನೀರಿನ ಒಳಗೆ ಹೋಯ್ತು… ಧಕ್ಕೆ ಸಾಹೇಬರು ಬಂದ್ರು, ಬಗ್ಗಿದ್ರು, ಗೆರೆ ಒಣಗಿದೆ ಹೋಗಿ ಅಂದ್ರು. ಎಲ್ಲರೂ ಗೆರೆ ನೋಡ್ತಾರೆ, ಹಡಗು ಯಾರು ನೋಡ್ತಾರೆ?… ಅಣ್ಣ ನೋಡಿದ. ಹತ್ತಿ ನಿಂತ ಕೂಡಲೇ ಅವನ ಕಾಲಿಗೆ ಗೊತ್ತಾಯ್ತು. ‘ಯಾಕೋ ತಗ್ಗಿದ ಹಾಗಿದೆಯಲ್ಲೋ’ ಅಂದ. ಬಗ್ಗಿ ಗೆರೆ ನೋಡಿದ. ಆಮೇಲೆ ನನ್ನ ಕಡೆ ನೋಡಿದ. ‘ಇದು ನಿನ್ನ ಕೈದಲ್ವೇನೋ? ಸರಿಯಾಗಿದ್ಯಾ?’… ಟೀಚರಮ್ಮ, ಕೇಳಿಸ್ತಿದ್ಯಾ?… ‘ಸರಿಯಾಗಿದೆ ಅಣ್ಣ’ ಅಂದೆ ನಾನು.”

ಅವನು ಹಿಂದಕ್ಕೆ ತಿರುಗಲಿಲ್ಲ. ಗೋಡೆಯಲ್ಲಿ ಒಂದು ಮೊಳೆ ಇತ್ತು. ಅದನ್ನೇ ನೋಡುತ್ತ ಮುಂದುವರಿಸಿದ.

“ಆಗ್ಲೇ ಯಾಕೆ ಬಾಯಿ ಬಿಡಲಿಲ್ಲ ಅಂತೀರೇನೋ. ವಿಚಾರಣೆಗೆ ನನ್ನನ್ನೂ ಕರೆದಿದ್ರು. ಯಜಮಾನರು ಮುಂದಿನ ಕುರ್ಚಿಯಲ್ಲಿ ಕೂತಿದ್ರು. ‘ಗೆರೆ ಎಲ್ಲಿತ್ತು?’ ಅಂತ ವಿಚಾರಣೆಯವರು ಕೇಳಿದ್ರು. ‘ಫೋಟೋದಲ್ಲಿ ಇದ್ದಲ್ಲೇ ಇತ್ತು ಸ್ವಾಮಿ’ ಅಂದೆ. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ ನೋಡಿ… ಹಡಗು ಮುಳುಗಿದ್ದಕ್ಕೆ ಒಬ್ಬ ಬೇಕಿತ್ತಲ್ಲ. ಸತ್ತವನು ಎದುರು ಮಾತಾಡಲ್ಲ. ಇದ್ದ ನಾನೂ ಆಡಲಿಲ್ಲ… ಅವತ್ತಿಂದ ಈ ಮನೆಗೆ ಅಕ್ಕಿ ತಂದು ಹಾಕಿದೆ, ಸೂರು ಸೋರಿದ್ರೆ ಹತ್ತಿ ಸರಿ ಮಾಡಿದೆ. ‘ಮೈದುನ ಅಂದ್ರೆ ಹೀಗಿರಬೇಕು’ ಅಂತು ಊರು. ಅದನ್ನೂ ನಿಂತು ಕೇಳಿಸ್ಕೊಂಡೆ. ನನ್ನಂಥ ದೊಡ್ಡ ಮನುಷ್ಯ ಇಲ್ಲ ಟೀಚರಮ್ಮ ಈ ಬೀದೀಲಿ.”

“ಈಗ ಮೊಮ್ಮಗ ಬಂದು ಅದನ್ನೇ ಹೇಳ್ತಾನೆ, ಗೆರೆ ಮೇಲೆ ಎಳಿ ಅಂತ. ಒಂದು ಸಲ ಎಳೆದಿದ್ದೀನಿ, ಇನ್ನೊಂದು ಸಲ ಆಗಲ್ಲ… ಹುಡುಗಿಯ ಸಾಲು ತೆಗೀಬೇಡಿ. ಅದರ ಕೆಳಗೆ ಇನ್ನೊಂದು ಸೇರಿಸಲಿ. ‘ನಾನು ಮಲಗಿರಲಿಲ್ಲ. ನನ್ನ ತಮ್ಮ ಗೆರೆಯನ್ನು ಒಂದು ಗೇಣು ಮೇಲೆ ಎಳೆದಿದ್ದ.’ ಬರ್ಕೊಂಡ್ರಾ?… ಎಲ್ಲಿ, ಒಂದು ಸಲ ಓದಿ ನೋಡೋಣ… ಟೀಚರಮ್ಮ?… ಹಲೋ?… ಹಲೋ… ಮಗಳೇ?…”

ಅಜ್ಜ ಫೋನನ್ನು ಕಿವಿಯಿಂದ ತೆಗೆದು ನೋಡಿದ. ಬ್ಯಾಟರಿ ಮುಗಿದು ಅದು ಕಪ್ಪಗಾಗಿತ್ತು. ಯಾವಾಗ ಮುಗಿಯಿತೋ ಗೊತ್ತಿಲ್ಲ. ‘ಹೇಗೆ ಗೊತ್ತು’ ಎಂದು ಟೀಚರು ಕೇಳಿದ್ದು ನೆನಪಿತ್ತು. ಅದಾದ ಮೇಲೆ ಆ ಕಡೆಯಿಂದ ಒಂದು ಮಾತೂ ಬಂದಿರಲಿಲ್ಲ. ಕೇಳುತ್ತಿದ್ದಾಳೆ, ಬರೆಯುತ್ತಿದ್ದಾಳೆ ಎಂದುಕೊಂಡು ಹೇಳುತ್ತ ಹೋಗಿದ್ದ. ಅವನ ಮಾತನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದವರು ಆ ಕೋಣೆಯಲ್ಲಿ ಒಬ್ಬರೇ ಇದ್ದರು.

ತಿರುಗಿದಾಗ ಅತ್ತಿಗೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಬಲಗೈಯ ಬೆರಳುಗಳನ್ನು ನೆಲದ ಮೇಲೆ ಅಗಲಿಸಿ ಇಟ್ಟಿದ್ದರು. ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಯವರೆಗೆ ನೋಡಿದರು.

“ಇಷ್ಟಾ?” ಎಂದರು.

“ಹೂಂ” ಎಂದ ಅಜ್ಜ.

ಸಂಜೆ ಕರೆಂಟು ಬಂದ ಮೇಲೆ ಶಾಲೆಗೆ ಫೋನು ಮಾಡಿದ. ಹೆಡ್‌ಮೇಷ್ಟ್ರು ಎತ್ತಿ, ‘ಆಯ್ತಜ್ಜ, ಎಲ್ಲ ಸರಿ ಮಾಡಿಸಿದ್ದೀವಿ’ ಎಂದು ಇಟ್ಟುಬಿಟ್ಟರು. ಬುಧವಾರ ಪರದೆ ಸರಿದಾಗ ಗೆರೆ ನೀರಿಗಿಂತ ಒಂದು ಗೇಣು ಮೇಲೆ ಬೆಳ್ಳಗೆ ಒಣಗಿತ್ತು. ಗುರುವಾರ ಬೆಳಗಿನ ಬಸ್ಸಿಗೆ ಅತ್ತಿಗೆ ತಂಗಿಯ ಮನೆಗೆಂದು ಹೊರಟುಹೋದರು, ಸಕ್ಕರೆ ಡಬ್ಬಿಯ ಕೆಳಗಿನ ಹಾಳೆಯನ್ನು ತೆಗೆದುಕೊಂಡು.