ಮಲಗುವ ಕೆಲಸ

ಅಲ್ಲಿ ಬೇಡ ಅತ್ತೆ, ಅದು ಗಿರಾಕಿಗಳು ಕೂರೋ ಸ್ಟೂಲು, ಒಂದು ಕಾಲು ಅಲ್ಲಾಡುತ್ತೆ. ಇಲ್ಲೇ ಮಂಚದ ಅಂಚಿಗೆ ಕೂತ್ಕೊಳ್ಳಿ. ಹಾಸಿಗೆಗೆ ಏನೂ ಆಗಲ್ಲ, ಹತ್ತು ವರ್ಷ ಗ್ಯಾರಂಟಿ ಇದೆ. ಮೊದಲು ಗಾಜಿನ ಕಡೆ ಬೆನ್ನು ಮಾಡಿ. ರಸ್ತೇಲಿ ಜನ ನಿಂತು ನೋಡ್ತಿದ್ದಾರೆ.

ನಾನೇನು ಮಾಡಬಾರದ್ದು ಮಾಡ್ತಿರಲಿಲ್ಲ. ಮಲಗಿದ್ದೆ, ಅಷ್ಟೇ.

ಹೌದು, ಹಾಡಹಗಲಲ್ಲಿ. ಹೌದು, ಅಂಗಡಿ ಗಾಜಿನ ಹಿಂದೆ, ಹತ್ತು ಜನಕ್ಕೆ ಕಾಣೋ ಹಾಗೆ. ತಲೆ ಹತ್ತಿರ ಬೆಲೆ ಚೀಟಿನೂ ಇತ್ತು, ಹೌದು. ಅದು ಹಾಸಿಗೆದು ಅತ್ತೆ, ನನ್ನದಲ್ಲ.

ಯಾಕೆ ನಗ್ತೀರಿ? ನಗ್ತಿಲ್ವಾ? ಮತ್ತೆ ತುಟಿ ಯಾಕೆ ಹಾಗಾಯ್ತು? ಒಳಗೆ ಬಂದಾಗಿಂದ ಒಂದು ಮಾತಾಡಿಲ್ಲ ನೀವು. ಬೈಯೋದಾದ್ರೆ ಬೈದುಬಿಡಿ. ನಿಮ್ಮ ಬೈಗುಳಕ್ಕೆ ನಾನು ಹೆದರಲ್ಲ. ನೀವು ಹೀಗೆ ಸುಮ್ನೆ ಕೂತ್ರೆ ಮಾತ್ರ ಹೆದರ್ತೀನಿ.

ಪಾಪೂಗೆ ಚುಚ್ಚುಮದ್ದು ಆಯ್ತಾ? ತೊಡೆಗೆ ತಾನೆ? ನೋಡಿ, ಎಷ್ಟು ಚೆನ್ನಾಗಿ ನಿಮ್ಮ ಹೆಗಲ ಮೇಲೆ ಮಲಗಿದಾನೆ. ಗೂಬೆಮರಿ. ಹಗಲೆಲ್ಲ ನಿದ್ದೆ, ರಾತ್ರಿ ಆದ್ರೆ ಕಣ್ಣು ಪಿಳಿಪಿಳಿ. ಯಾರನ್ನ ಹೋಲ್ತಾನೋ ಏನೋ.

ಆಸ್ಪತ್ರೆಯಿಂದ ಮನೆಗೆ ಹೋಗೋ ದಾರಿ ಇದಲ್ವಲ್ಲ ಅತ್ತೆ? ನೇರ ರಸ್ತೆ ಬಿಟ್ಟು ಈ ಕಡೆ ಯಾಕೆ ಬಂದ್ರಿ... ಸರಿ, ಬಿಡಿ. ನಾನು ಕೇಳೋ ಸ್ಥಿತೀಲಿಲ್ಲ.

ಹೇಳ್ತೀನಿ. ಎಲ್ಲಾ ಹೇಳ್ತೀನಿ. ಒಂದೇ ಒಂದು, ನಿಮ್ಮ ಮಗನಿಗೆ ಹೇಳಬೇಡಿ. ಮೂರು ಗಂಟೆ ಹೊಡೆಯೋದ್ರೊಳಗೆ ಹೇಳಿ ಮುಗಿಸಿ ನಾನು ಮತ್ತೆ ಮಲಗಬೇಕು. ಅದು ಇವತ್ತು ಬಹಳ ಮುಖ್ಯ. ಯಾಕೆ ಅಂತ ಆಮೇಲೆ ಹೇಳ್ತೀನಿ.

ಪಾಪೂಗೆ ನಾಲ್ಕು ತಿಂಗಳಾಗಿದ್ದಾಗ ರಬ್ಬರ್ ಶೀಟು ತರೋಕೆ ಅಂತ ಹೋದವಳು ಸಂಜೆ ಬಂದೆನಲ್ಲ, ನೆನಪಿದ್ಯಾ? ಅಂಗಡೀಲಿ ಸಾಲು ಉದ್ದ ಇತ್ತು ಅಂದಿದ್ದೆ. ಸಾಲು ಇರಲಿಲ್ಲ. ಒಂದು ನರಪಿಳ್ಳೆನೂ ಇರಲಿಲ್ಲ. ಓನರು "ಒಳಗಿಂದ ತರ್ತೀನಿ, ಕೂತಿರಮ್ಮ" ಅಂದ್ರು. ಕೂತೆ. ಅಷ್ಟೇ ನನಗೆ ಗೊತ್ತಿರೋದು. ಕಣ್ಣು ಬಿಟ್ಟಾಗ ನಾಲ್ಕು ಗಂಟೆ, ಇದೇ ಮಂಚದ ಮೇಲೆ ಉದ್ದಕ್ಕೆ ಬಿದ್ದಿದ್ದೀನಿ, ಕೈಲಿ ಚೀಲ ಹಾಗೇ ಇದೆ, ಗಾಜಿನ ಆಚೆ ಜನ. ಓನರು ಕೈ ಕಟ್ಟಿಕೊಂಡು ನಿಂತಿದ್ದಾರೆ, ಪಕ್ಕದಲ್ಲಿ ಟೀ. ನಾನು ಮಲಗಿದ್ದಷ್ಟು ಹೊತ್ತಲ್ಲಿ ಐದು ಹಾಸಿಗೆ ಹೋಗಿದ್ವಂತೆ. ಅದಕ್ಕೆ ಮುಂಚೆ ಇಡೀ ತಿಂಗಳಿಗೆ ಐದು ಹೋಗಿರಲಿಲ್ಲ.

"ನಾಳೆನೂ ಬರ್ತೀಯೇನಮ್ಮ?" ಅಂದ್ರು. ಚಪ್ಪಲಿ ಹುಡುಕ್ತಿದ್ದೆ ನಾನು, ಹಾಕ್ಕೊಳ್ಳೋಕಲ್ಲ. ಆಮೇಲೆ ಅರ್ಥ ಆಯ್ತು, ಮನುಷ್ಯ ಕೆಲಸ ಕೊಡ್ತಿದ್ದಾನೆ ಅಂತ. ಹನ್ನೊಂದರಿಂದ ಐದರವರೆಗೆ ಮಲಗಬೇಕು. ಭಾನುವಾರ ರಜಾ. "ನಾನು ಹತ್ತನೇ ಕ್ಲಾಸಷ್ಟೇ ಓದಿರೋದು ಸಾರ್" ಅಂದೆ. "ಈ ಕೆಲಸಕ್ಕೆ ಅದೇ ಹೆಚ್ಚಾಯ್ತು" ಅಂದ್ರು.

ಮನೇಲಿ ಹೇಗೆ ಹೇಳಲಿ ಅತ್ತೆ? ಮಲಗೋ ಕೆಲಸ ಸಿಕ್ಕಿದೆ ಅಂದ್ರೆ ಮಗು ಹಿಡ್ಕೊಳ್ಳೋರು ಯಾರು? ಅದಕ್ಕೇ ಸೇಲ್ಸು ಅಂದೆ. ನಿಂತೇ ಇರಬೇಕು ಅಂದೆ. ಕಾಲು ಊದುತ್ತೆ ಅಂತ... ಅದೊಂದು ಹೆಚ್ಚಾಯ್ತು, ಒಪ್ಕೋತೀನಿ. ನೀವು ಅವತ್ತೇ ಸಂಜೆ ಬಕೆಟ್ಟಲ್ಲಿ ಬಿಸಿನೀರಿಗೆ ಉಪ್ಪು ಹಾಕಿ ತಂದಿಡ್ತೀರಿ ಅಂತ ನನಗೇನು ಗೊತ್ತಿತ್ತು? ಐದು ತಿಂಗಳಿಂದ ದಿನಾ ಕಾಲು ನೆನೆಹಾಕ್ತಿದ್ದೀನಿ. ಇಡೀ ದಿನ ನೆಲ ಮುಟ್ಟದೇ ಇರೋ ಕಾಲು. ಒಂದಿನ ನನ್ನ ಹಿಮ್ಮಡಿ ಹಿಡಿದು ನೋಡಿ "ನಿಂತು ದುಡಿಯೋರ ಕಾಲು ಇಷ್ಟು ಮೆತ್ತಗಿರುತ್ತಾ" ಅಂದ್ರಿ. ಉಪ್ಪುನೀರಿನ ಗುಣ ಅಂದೆ.

ನೀವು ಅಂದ್ಕೊಂಡ ಹಾಗೆ ಸುಲಭದ ಕೆಲಸ ಅಲ್ಲ ಇದು. ಬಾಯಿ ತೆರೀಬಾರದು. ಗೊರಕೆ ಹೊಡೀಬಾರದು. ಅರ್ಧ ಗಂಟೆಗೊಂದು ಸಲ ಮಗ್ಗುಲು ಬದಲಿಸಬೇಕು, ಇಲ್ಲಾಂದ್ರೆ ಜನ ಹೆಣ ಅಂತ ತಿಳ್ಕೋತಾರೆ. ಮೊದಲ ವಾರ ಒಬ್ರು ಮುದುಕರು ಹಾರ ತರೋಕೆ ಹೊರಟುಬಿಟ್ಟಿದ್ರಂತೆ. ಒಬ್ಬ ಗಿರಾಕಿ ನನ್ನ ಕೆನ್ನೆ ಒತ್ತಿ ನೋಡಿ, "ಇದೂ ಹಾಸಿಗೆ ಜೊತೆಗೇ ಬರುತ್ತಾ?" ಅಂತ ಕೇಳಿದ. ಅವನ ಹೆಂಡತಿ ಪಕ್ಕದಲ್ಲೇ ನಿಂತಿದ್ಲು. ನಾನು ನಿದ್ದೇಲೇ ಮಗ್ಗುಲು ಬದಲಿಸಿ ಒದ್ದೆ. ನಿದ್ದೇಲಿ ಒದ್ದಿದ್ದಕ್ಕೆ ಯಾರೂ ಏನೂ ಅನ್ನೋಹಾಗಿಲ್ಲ ನೋಡಿ, ಈ ಕೆಲಸದಲ್ಲಿ ಅದೊಂದು ಅನುಕೂಲ.

ಇನ್ನೊಬ್ಬ ಹಾಸಿಗೆ ವಾಪಸ್ ಹೊತ್ಕೊಂಡು ಬಂದ. ಮನೇಲಿ ಅದರ ಮೇಲೆ ನಿದ್ದೆ ಬರ್ತಿಲ್ಲವಂತೆ. "ಅಲ್ಲಿ ಮಲಗಿದಾಳಲ್ಲ, ಆ ನಿದ್ದೆ ನೀವು ಕಟ್ಟಿ ಕೊಟ್ಟಿಲ್ಲ, ಬರೀ ಹಾಸಿಗೆ ಕೊಟ್ಟಿದ್ದೀರಿ" ಅಂತ ಜಗಳ. ಓನರು ನನ್ನನ್ನ ಎಬ್ಬಿಸಿ ಅವನಿಗೆ ಬುದ್ಧಿ ಹೇಳಿಸಿದ್ರು.

ಹೂಂ, ಅದೂ ನನ್ನ ಕೆಲಸವೇ. ಎದ್ದ ಮೇಲೆ ಜನ ಬಂದು ಕೇಳ್ತಾರೆ. ಊರಿಗೂರೇ ಸುಸ್ತು ಅತ್ತೆ. ಬೆಳಗ್ಗೆ ಎದ್ದಾಗಲೇ ಸುಸ್ತು, ಎಂಟು ಗಂಟೆ ಮಲಗಿದ್ರೂ ಸುಸ್ತು. ಗಾಢನಿದ್ದೆ ಬರಬೇಕು, ಏನು ಮಾಡೋಣ ಅಂತಾರೆ. ಓನರು ಒಂದು ಚೀಟಿ ಅಚ್ಚು ಹಾಕಿಸಿದ್ದಾರೆ, ನಾನು ಗಿಣಿ ಹಾಗೆ ಒಪ್ಪಿಸ್ತೀನಿ. ದಿನಾ ಒಂದೇ ಹೊತ್ತಿಗೆ ಮಲಗಿ, ಒಂದೇ ಹೊತ್ತಿಗೆ ಏಳಿ. ಮಧ್ಯಾಹ್ನದ ಮೇಲೆ ಟೀ ಬೇಡ. ಕೋಣೆ ಕತ್ತಲಾಗಿರಲಿ, ತಣ್ಣಗಿರಲಿ. ಮೊಬೈಲು ಇನ್ನೊಂದು ಕೋಣೇಲಿಡಿ. ಹಗಲು ಸ್ವಲ್ಪ ನಡೀರಿ, ಮೈ ದಣೀಲಿ. ಅವರು ತಲೆ ಅಲ್ಲಾಡಿಸ್ತಾರೆ, ಬರ್ಕೋತಾರೆ. ನಿಜವಾದ ಗುಟ್ಟು ಮಾತ್ರ ಆ ಚೀಟೀಲಿಲ್ಲ. ನಾನು ಒಬ್ಬ ಬಾಣಂತಿಗೆ ಮಾತ್ರ ಕಿವೀಲಿ ಹೇಳಿದ್ದೆ. ಏನೂ ಬೇಡಮ್ಮ, ನಿನ್ನ ಬದಲು ಎದ್ದೇಳೋಕೆ ಒಬ್ರು ಇದ್ರೆ ಸಾಕು ಅಂತ.

...ಹಾಗೆ ನೋಡಬೇಡಿ. ಸುಮ್ನೆ ಬಾಯಿಗೆ ಬಂತು.

ಈಗ ಕಷ್ಟ ಕೇಳಿ. ನನ್ನ ಸುಸ್ತು ಮುಗಿದುಹೋಗಿದೆ. ನಗಬೇಡಿ, ನಿಜ. ಐದು ತಿಂಗಳು ದಿನಾ ಆರು ಗಂಟೆ ಮಲಗಿದ್ರೆ ಯಾವ ಸುಸ್ತು ನಿಲ್ಲುತ್ತೆ? ಹೋದ ತಿಂಗಳಿಂದ ಇಲ್ಲಿ ಕಣ್ಣು ಮುಚ್ಚಿದ್ರೆ ನಿದ್ದೆ ಬರ್ತಿಲ್ಲ. ಸುಮ್ನೆ ಬಿದ್ಕೊಂಡಿರ್ತೀನಿ, ಕಳ್ಳನಿದ್ದೆ. ಮುಖ ಎಲ್ಲಾ ಸರಿ ಮಾಡ್ಕೋಬಹುದು ಅತ್ತೆ. ಉಸಿರು ನಿಧಾನ ಬಿಡಬಹುದು, ತುಟಿ ಸಡಿಲ ಬಿಡಬಹುದು, ರೆಪ್ಪೆ ಅಲ್ಲಾಡದ ಹಾಗೆ ಹಿಡೀಬಹುದು. ಕಾಲಿನ ಹೆಬ್ಬೆರಳು ಮಾತ್ರ ಮಾತು ಕೇಳಲ್ಲ. ನಿಜವಾಗಿ ಮಲಗಿದೋರ ಹೆಬ್ಬೆರಳು ಪಕ್ಕಕ್ಕೆ ವಾಲಿರುತ್ತೆ. ಕಳ್ಳನಿದ್ದೆ ಮಾಡೋರದು ಕಂಬದ ಹಾಗೆ ನೆಟ್ಟಗೆ ನಿಂತಿರುತ್ತೆ. ಇದನ್ನ ಕಂಡುಹಿಡಿದಿದ್ದು ಓನರು. ಅವರು ನನ್ನ ಮುಖ ನೋಡೋದೇ ಇಲ್ಲ, ಸೀದಾ ಕಾಲ ಹತ್ತಿರ ಬಂದು ನಿಲ್ತಾರೆ. ನಿನ್ನೆ ನಿಂತು, "ಏನಮ್ಮ, ಬೆರಳು ಕಾವಲು ಕಾಯ್ತಿದೆ?" ಅಂದ್ರು.

ಇವತ್ತು ಮೂರು ಗಂಟೆಗೆ ಲಾಡ್ಜಿನವರು ಬರ್ತಾರೆ. ನಲವತ್ತು ಹಾಸಿಗೆ ಬೇಕಂತೆ. ಮಲಗಿರೋರನ್ನ ಕಣ್ಣಾರೆ ನೋಡಿ ತಗೋತೀನಿ ಅಂದಿದ್ದಾರೆ. ವ್ಯಾಪಾರ ಆದ್ರೆ ನನ್ನ ಕೆಲಸ ಕಾಯಂ. ಇಲ್ಲಾಂದ್ರೆ ಬಟ್ಟೆ ಅಂಗಡಿಯಿಂದ ಒಂದು ಗೊಂಬೆ ತಂದು ಮಲಗಿಸ್ತಾರಂತೆ, ಅದಕ್ಕೆ ಸಂಬಳವೂ ಬೇಡ, ಬೆರಳೂ ಇಲ್ಲ. ಗೊಂಬೆ ಜೊತೆ ನಾನು ಹೇಗೆ ಪೈಪೋಟಿ ಮಾಡಲಿ ಹೇಳಿ.

ಅದಕ್ಕೇ ಬೇಡ್ಕೋತೀನಿ. ಪಾಪೂನ ಕರ್ಕೊಂಡು ಮನೆಗೆ ಹೋಗಿ. ನಿಮ್ಮ ಮಗನಿಗೆ ಗೊತ್ತಾದ್ರೆ ಏನಾಗುತ್ತೆ ಗೊತ್ತಲ್ಲ? ಹಗಲೆಲ್ಲ ಮಲಗಿ ಬರೋಳಿಗೆ ರಾತ್ರಿ ಮಗು ನೋಡ್ಕೊಳ್ಳೋಕೆ ಏನು ದಾಡಿ ಅಂತಾರೆ. ಅವರಿಗೇನು, ಹೇಳೋದು ಸುಲಭ, ಮಲಗಿದ್ರೆ ಕೊರಡು. ನಾನೇನು ಬೇಕು ಅಂತ ಮಾಡ್ತೀನಾ? ರಾತ್ರಿ ನನಗೆ ಪ್ರಜ್ಞೆನೇ ಇರಲ್ಲ. ದೇವರಾಣೆ, ಮಗು ಅತ್ತಿದ್ದು ಒಂದು ದಿನಾನೂ ನನ್ನ ಕಿವಿಗೆ ಬಿದ್ದಿಲ್ಲ. ಬಿದ್ದಿದ್ರೆ ಎದ್ದೇಳ್ತಿರಲಿಲ್ವಾ?

ನಿಮ್ಮ ಉಪಕಾರ ಮರೆಯೋಳಲ್ಲ ನಾನು. ನೀವಂದ್ಕೊಂಡಿದ್ದೀರಿ ಇವಳಿಗೆ ಕಣ್ಣಿಲ್ಲ, ಕೃತಜ್ಞತೆ ಇಲ್ಲ ಅಂತ. ನನಗೆಲ್ಲಾ ಗೊತ್ತು. ಇವನು ಮೊದಲ ಸಲ ಕುಂಯ್ ಅಂದಾಗಲೇ ಎದ್ದುಬಿಡ್ತೀರಿ, ಜೋರಾಗಿ ಅಳೋವರೆಗೂ ಬಿಡಲ್ಲ. ಎದ್ದೇಳುವಾಗ ಮಂಡಿ ಲಟಕ್ ಅನ್ನುತ್ತೆ, "ಅಮ್ಮಾ" ಅಂತ ಬಾಯಲ್ಲೇ ಅಂದ್ಕೋತೀರಿ. ಅಡುಗೆಮನೆ ಬಾಗಿಲಿಂದ ಬೀದಿ ಬಾಗಿಲವರೆಗೆ ಸುತ್ತು ಹಾಕ್ತೀರಿ. ಮೂರು ಸುತ್ತಿಗೂ ಬಗ್ಗಲ್ಲ ಇವನು, ನಾಲ್ಕನೇ ಸುತ್ತಿಗೆ ನೀರಿನ ಡ್ರಮ್ಮಿನ ಹತ್ತಿರ ಹೆಗಲಿಗೆ ತಲೆ ವಾಲಿಸ್ತಾನೆ. ಅವನನ್ನ ಮಲಗಿಸಿ ವಾಪಸ್ ಹೋಗ್ತಾ ನನ್ನ ಕಾಲ ಹತ್ತಿರ ನಿಲ್ತೀರಿ. ನಿಮ್ಮ ಮಗ ಹೊದಿಕೆ ಪೂರಾ ಎಳ್ಕೊಂಡಿರ್ತಾರಲ್ಲ, ಬಗ್ಗಿ ಅದರ ತುದಿ ಎಳೆದು ನನ್ನ ಪಾದ ಮುಚ್ತೀರಿ. ದಿನಾ. ನನ್ನ ತಾಯಿ ಕೂಡ ಹಾಗೆ ಮುಚ್ಚಿಲ್ಲ ಅತ್ತೆ, ಎಷ್ಟೋ ಸಲ ಕಣ್ಣಲ್ಲಿ ನೀರು...

...

ಅತ್ತೆ?

ಅಂದ್ರೆ... ನೀವೇ ಯಾವಾಗ್ಲೋ ಹೇಳಿದ್ರಲ್ಲ, ಸುತ್ತಿನ ವಿಷಯ. ಹೇಳಿಲ್ವಾ? ಪಕ್ಕದ ಮನೆಯವರು ಹೇಳಿರಬೇಕು. ಅವರಿಗೆ ಹೇಗೆ... ಗೋಡೆ ತೆಳ್ಳಗಿದೆಯಲ್ಲ.

ಹಾಗೆ ನನ್ನ ಕಾಲು ನೋಡ್ತಾ ಕೂರಬೇಡಿ.

ಸರಿ. ರಾತ್ರಿ ಎಚ್ಚರಾನೇ ಇರ್ತೀನಿ ನಾನು, ಒಪ್ಕೋತೀನಿ. ಹಗಲು ಮಲಗಿದೋಳಿಗೆ ರಾತ್ರಿ ಎಲ್ಲಿಂದ ಬರುತ್ತೆ ನಿದ್ದೆ? ಮೊದಮೊದಲು ಬರ್ತಿತ್ತು, ಸತ್ಯವಾಗಿ. ಆಮೇಲೆ ನಿಂತುಹೋಯ್ತು. ಇವನು ಅತ್ತಾಗ, ಈಗ ಏಳೋಣ, ಇನ್ನೊಂದು ಸಲ ಅತ್ತರೆ ಏಳೋಣ ಅಂದ್ಕೊಳ್ಳೋದ್ರಲ್ಲಿ ನೀವು ಎದ್ದಿರ್ತೀರಿ. ಒಂದು ದಿನ ಏಳಲಿಲ್ಲ. ಮಾರನೇ ದಿನ ಎದ್ರೆ, ನಿನ್ನೆನೂ ಎಚ್ಚರ ಇದ್ಲು ಅಂತ ಗೊತ್ತಾಗುತ್ತಲ್ಲ ಅಂತ ಅವತ್ತೂ ಏಳಲಿಲ್ಲ. ಹೀಗೇ ಆಗಿದ್ದು. ಇದರಲ್ಲಿ ಬೇರೆ ಸಂಚಿಲ್ಲ.

ಏನು ಮಾಡ್ತಿದ್ದೀರಿ? ಇವನನ್ನ ಯಾಕೆ ನನಗೆ ಕೊಡ್ತಿದ್ದೀರಿ? ಅತ್ತೆ, ಚಪ್ಪಲಿ ಯಾಕೆ ಬಿಚ್ಚಿದ್ರಿ? ಬೇಡ... ಈಗ ಬೇಡ, ಮೂರಕ್ಕೆ ಹತ್ತು ನಿಮಿಷ ಇದೆ, ಅದು ನನ್ನ ಜಾಗ. ದಿಂಬು ಸರಿಸ್ತಿದ್ದೀರಾ? ಅದೆಲ್ಲ ಅಳತೆ ಪ್ರಕಾರ ಇಟ್ಟಿರೋದು. ಹಾಗೆ ಗಾಜಿನ ಕಡೆ ಮುಖ ಮಾಡಿ... ಅಯ್ಯೋ, ಕಣ್ಣು ಮುಚ್ಚಿಬಿಟ್ರಾ?

ಅತ್ತೆ. ಏಳಿ ಅತ್ತೆ. ಇವನು ಎದ್ದ. ನೋಡಿ, ಎದ್ದ. ಶ್... ಶ್... ಚುಚ್ಚಿದ ಜಾಗ ನೋಯ್ತಿದ್ಯಾ ಮರಿ? ಅತ್ತೆ, ಇವನು ಎಡ ಹೆಗಲಿಗೆ ಬಗ್ತಾನೋ ಬಲಕ್ಕೋ? ಅಳಬೇಡ ಕಣೋ, ಅಂಗಡಿ ಇದು. ಅತ್ತೆ?

ಸುತ್ತು ಹಾಕ್ತೀನಿ, ಆಯ್ತಾ? ನಾನೇ ಹಾಕ್ತೀನಿ. ಈ ಮಂಚದಿಂದ ಆ ಬೀರುವಿನವರೆಗೆ. ಒಂದು. ಅಮ್ಮ ಇದೀನಿ ನೋಡು... ಎರಡು. ಎಷ್ಟು ಭಾರ ಆಗಿದಾನೆ ಅತ್ತೆ ಇವನು, ಯಾವಾಗ ಆದ? ಮೂರು. ನೀರಿನ ಡ್ರಮ್ಮಿಲ್ಲ ಇಲ್ಲಿ, ಬೀರುನೇ ಡ್ರಮ್ಮು ಅಂದ್ಕೋ ಮರಿ. ನಾಲ್ಕು.

ನಾಲ್ಕಕ್ಕೂ ನಿಲ್ಲಿಸ್ತಿಲ್ಲ. ಇನ್ನೇನಾದ್ರೂ ಮಾಡ್ತಿದ್ರಾ? ನನಗೆ ಬರೀ ಹೆಜ್ಜೆ ಸದ್ದು ಕೇಳಿಸ್ತಿತ್ತು, ಮಿಕ್ಕಿದ್ದು ಕಾಣಿಸ್ತಿರಲಿಲ್ಲ.

ಅಬ್ಬಾ, ಜನ ಸೇರಿಬಿಟ್ರು. ನನಗೆ ಇಷ್ಟು ಜನ ಯಾವತ್ತೂ ಸೇರಿರಲಿಲ್ಲ. ಅಲ್ಲೊಬ್ರು ಹೆಂಗಸು ಗಾಜಿಗೆ ಹಣೆ ಒತ್ತಿ ನಿಂತಿದ್ದಾರೆ. ಏನು ಚೆನ್ನಾಗಿ ಮಲಗಿದ್ದೀರಿ ಅತ್ತೆ... ಎಂಟೊಂಬತ್ತು ತಿಂಗಳ ಬಾಕಿ ನಿದ್ದೆ ಅಲ್ವಾ. ಬಾಯಿ ಸ್ವಲ್ಪ ತೆರೆದಿದೆ, ಪರವಾಗಿಲ್ಲ, ಅದೇ ಚೆನ್ನಾಗಿದೆ. ಉಸಿರು ಎಷ್ಟು ನಿಧಾನ. ರೆಪ್ಪೆ ಒಂಚೂರೂ...

ಅತ್ತೆ.

ನಿಮ್ಮ ಹೆಬ್ಬೆರಳು ನೆಟ್ಟಗಿದೆ.

ಎಚ್ಚರ ಇದ್ದೀರಾ? ಇಷ್ಟು ಹೊತ್ತೂ ಕೇಳಿಸ್ಕೊಂಡು... ಇವನು ಅಳ್ತಿದ್ದಾನೆ, ನಾನು ಸುತ್ತು ಹಾಕ್ತಿದ್ದೀನಿ, ನೀವು...

ಹಾಗಾದ್ರೆ ರಾತ್ರಿ... ನನ್ನ ಕಾಲ ಹತ್ತಿರ ನಿಲ್ತಿದ್ರಲ್ಲ ದಿನಾ. ಬೀದಿ ದೀಪ ನೇರ ನನ್ನ ಬೆರಳಿಗೇ ಬೀಳುತ್ತೆ. ಹೊದಿಕೆ ಎಳೀತಿದ್ದಿದ್ದು ಚಳಿಗೆ ಅಂತ ನಾನು...

ಯಾವಾಗಿನಿಂದ ಗೊತ್ತಿತ್ತು ಅತ್ತೆ?

...

ಕಾರು ನಿಂತಿತು. ಲಾಡ್ಜಿನವರು. ಓನರೂ ಜೊತೆಗೇ ಇದ್ದಾರೆ, ಬಂದವರು ಸೀದಾ ಕಾಲ ಹತ್ತಿರ ನಿಲ್ತಾರೆ. ಅಲ್ಲಾಡಬೇಡಿ. ಪಾಪೂಗೆ ಸುತ್ತಿದ ಈ ಶಾಲು ಹೊದಿಸ್ತೀನಿ... ಶ್, ಮರಿ, ಐದನೇ ಸುತ್ತು ಹಾಕ್ತೀನಿ ಇರು, ಒಂದೇ ನಿಮಿಷ... ಬೆರಳು ಮುಚ್ತೀನಿ ಅತ್ತೆ. ಮಲಗಿ ನೀವು.